ಹಳೇ ರೈಫಲ್‌ನ ಮರದ ಸ್ಟಾಕ್: ಎಣ್ಣೆ ಹಚ್ಚುವ ಮೊದಲು ದೋಷ ಹುಡುಕುವುದು ಹೇಗೆ

ಹಳೇ ರೈಫಲ್ ಕೈಗೆ ಬಂದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸ ಸ್ಯಾಂಡ್‌ಪೇಪರ್ ಹಿಡಿಯುವುದು. ಎರಡನೆಯದು ಅಗಸೆ ಎಣ್ಣೆ ಸುರಿಯುವುದು. ಸ್ಟಾಕ್, ಅಂದರೆ ರೈಫಲ್ಲಿನ ಮರದ ಭಾಗ, ಫಳಫಳ ಹೊಳೆಯುತ್ತದೆ, ನೋಡಿದವರೆಲ್ಲ ಹೊಗಳುತ್ತಾರೆ. ಆದರೆ ಒಳಗಿನ ಬಿರುಕು, ಮೆತ್ತಗಾದ ಮರ, ಸರಿಯಾಗಿ ಕೂರದ ಕಬ್ಬಿಣ ಎಲ್ಲ ಇದ್ದ ಹಾಗೇ ಇರುತ್ತವೆ. ನಾಲ್ಕು ಗುಂಡು ಹಾರಿಸುವಷ್ಟರಲ್ಲಿ ಅದೇ ಬಿರುಕು ಮತ್ತೆ ಬಾಯಿ ಬಿಡುತ್ತದೆ.

ಮರದ ಮೇಲೆ ಕಾಣುವುದು ಲಕ್ಷಣ ಅಷ್ಟೇ. ಅದರ ಕಾರಣ ಬಹಳ ಸಲ ಬೇರೆ ಕಡೆ ಇರುತ್ತದೆ. ಅದರಲ್ಲೂ ಕಬ್ಬಿಣ ಮರಕ್ಕೆ ತಾಗುವ ಜಾಗದಲ್ಲಿ ಇರುವುದೇ ಜಾಸ್ತಿ. ಹಾಗಾಗಿ ಇಲ್ಲಿ ಮೊದಲು ಲಕ್ಷಣ ಹೇಳಿ, ಅದು ಯಾಕೆ ಬಂತು ಅಂತ ಪತ್ತೆ ಮಾಡುವ ದಾರಿ ಹೇಳಿ, ಆಮೇಲೆ ರಿಪೇರಿಗೆ ಬರುತ್ತೇನೆ. ಹೊಳಪಿನ ಮಾತು ಎಲ್ಲಕ್ಕಿಂತ ಕೊನೆಗೆ.

ಬಿಚ್ಚುವ ಮೊದಲು

ರೈಫಲ್ ಖಾಲಿ ಇದೆಯೇ ಅಂತ ನೋಡಿ. ಮ್ಯಾಗಜೀನ್ ಖಾಲಿ ಮಾಡಿ, ಬೋಲ್ಟ್ (ಗುಂಡನ್ನು ಒಳಗೆ ತಳ್ಳಿ ಮುಚ್ಚುವ ಉಕ್ಕಿನ ಭಾಗ) ಹೊರಗೆ ತೆಗೆಯಿರಿ, ಗುಂಡು ಕೂರುವ ಚೇಂಬರನ್ನು ಕಣ್ಣಿಂದ ನೋಡಿ, ಬೆರಳು ಹಾಕಿಯೂ ನೋಡಿ. ಬೋಲ್ಟನ್ನು ಬೇರೆ ಜಾಗದಲ್ಲಿ ಇಡಿ. ಲೈಸೆನ್ಸ್ ಬೇಕಾದ ರೈಫಲ್ ಆದರೆ ಕಾಗದಪತ್ರ ಸರಿಯಾಗಿರಲಿ. ನಾನು ಹೇಳುತ್ತಿರುವುದು ಮರದ ಕೆಲಸ ಮಾತ್ರ. ನಳಿಗೆ, ಬೋಲ್ಟ್, ಟ್ರಿಗರ್ ಇವು ಬಂದೂಕು ರಿಪೇರಿ ಗೊತ್ತಿರುವ ಗನ್‌ಸ್ಮಿತ್ ಕೈಗೇ ಹೋಗಬೇಕು.

ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ಗೀರಿನಲ್ಲಿ ಬಿಗಿಯಾಗಿ ಕೂರಬೇಕು. ಅಗಲವೂ ಸರಿ ಇರಬೇಕು, ದಪ್ಪವೂ ಸರಿ ಇರಬೇಕು. ಸಡಿಲ ಇದ್ದರೆ ಜಾರಿ ಸ್ಕ್ರೂ ತಲೆಯೂ ಹಾಳು, ಪಕ್ಕದ ಮರಕ್ಕೂ ಗೀರು. ತುಕ್ಕು ಹಿಡಿದು ಕೂತ ಸ್ಕ್ರೂಗೆ ತುಕ್ಕು ಬಿಡಿಸುವ ಎಣ್ಣೆ ಒಂದೇ ಒಂದು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಸುರಿದರೆ ಅದೆಲ್ಲ ಮರ ಕುಡಿಯುತ್ತದೆ.

ಬಿಚ್ಚುವ ಕ್ರಮ ಗೊತ್ತಿಲ್ಲದೆ ಕೈ ಹಾಕಬೇಡಿ. ಇದಕ್ಕೆ ಬ್ರಿಟಿಷ್ ಸೇನೆಯ ರೈಫಲ್ ಲೀ-ಎನ್‌ಫೀಲ್ಡ್ ನಂ. 1 ಮಾರ್ಕ್ 3 ಒಳ್ಳೆ ಉದಾಹರಣೆ. ಅದರ ಸ್ಟಾಕ್ ಎರಡು ತುಂಡು: ಭುಜಕ್ಕೆ ಆನಿಸುವ ಬಟ್, ನಳಿಗೆಯ ಕೆಳಗಿನ ಫೋರ್‌ಎಂಡ್. ಬಟ್ಟನ್ನು ಹಿಡಿದಿರುವುದು ಒಳಗಿನ ಉದ್ದ ಬೋಲ್ಟ್ (ಮೇಲೆ ಹೇಳಿದ ಬೋಲ್ಟ್ ಅಲ್ಲ, ತಿರುಪಿನದು). ಆ ಬೋಲ್ಟಿನ ಮುಂದಿನ ತುದಿ ಚೌಕಾಕಾರ. ಅದು ಫೋರ್‌ಎಂಡ್ ಹಿಂಭಾಗದಲ್ಲಿರುವ ಒಂದು ಸಣ್ಣ ತಗಡಿನ ಕಂಡಿಯಲ್ಲಿ ಕೂತಿರುತ್ತದೆ. ಬೋಲ್ಟ್ ತಾನಾಗಿ ಸಡಿಲ ಆಗಬಾರದು ಅಂತ ಮಾಡಿದ ಏರ್ಪಾಡು ಇದು. ಫೋರ್‌ಎಂಡ್ ತೆಗೆಯದೆ ಹಿಂದಿನಿಂದ ಬೋಲ್ಟ್ ತಿರುಗಿಸಿದರೆ ಚೌಕದ ತುದಿ ಆ ತಗಡನ್ನೂ ತಿರುಗಿಸಲು ನೋಡುತ್ತದೆ. ಫೋರ್‌ಎಂಡ್‌ನ ಹಿಂಭಾಗ ಸೀಳಿಹೋಗುತ್ತದೆ. ಮೊದಲು ಫೋರ್‌ಎಂಡ್, ಆಮೇಲೆ ಬಟ್. ಈ ರೈಫಲ್‌ಗಳ ಫೋರ್‌ಎಂಡ್‌ನ ಹಿಂದುಗಡೆ ಸೀಳು ಕಂಡರೆ, ಯಾರೋ ಹಿಂದೆ ಹೀಗೆ ತಿರುಗಿಸಿದ್ದಾರಾ ಅನ್ನುವ ಅನುಮಾನವನ್ನೂ ಇಟ್ಟುಕೊಳ್ಳಿ.

ಮರದ ಮೇಲೆ ಏನಿದೆ ಅಂತ ತಿಳಿಯುವುದು

ಕೊಳೆ ತೆಗೆಯದೆ ಏನೂ ಕಾಣುವುದಿಲ್ಲ. ಹತ್ತಿಬಟ್ಟೆಗೆ ಸ್ವಲ್ಪ ಮಿನರಲ್ ಟರ್ಪೆಂಟೈನ್ ಹಾಕಿ ಒರೆಸಿ. ಗಾಳಿಯಾಡುವ ಜಾಗ ಇರಲಿ, ಹತ್ತಿರ ಬೆಂಕಿ ಇರಬಾರದು. ದಾಸ್ತಾನಿನಲ್ಲಿ ವರ್ಷಗಟ್ಟಲೆ ಇದ್ದ ಸೇನಾ ರೈಫಲ್‌ಗಳಿಗೆ ಕಾಸ್ಮೊಲಿನ್ ಅನ್ನುವ ದಪ್ಪ ಗ್ರೀಸ್ ಬಳಿದಿರುತ್ತಾರೆ. ಅದಕ್ಕೂ ಇದೇ ಟರ್ಪೆಂಟೈನ್ ಸಾಕು, ತಾಳ್ಮೆ ಮಾತ್ರ ಜಾಸ್ತಿ ಬೇಕು.

ಈಗ ಹಳೇ ಪಾಲಿಶ್ ಯಾವುದು ಅಂತ ಪತ್ತೆ ಮಾಡಿ. ಬಟ್ಟಿನ ತುದಿಯ ಲೋಹದ ತಗಡಿನ, ಅಂದರೆ ಬಟ್‌ಪ್ಲೇಟಿನ ಕೆಳಗೋ ಫೋರ್‌ಎಂಡ್ ಒಳಗೋ ಪಾಲಿಶ್ ಸೋರಿಳಿದ ಜಾಗ ಹುಡುಕಿ ಒಂದು ಹನಿ ಸ್ಪಿರಿಟ್ ಬಿಡಿ. ಅರ್ಧ ನಿಮಿಷದಲ್ಲಿ ಬೆರಳಿಗೆ ಅಂಟಿದರೆ ಅದು ಅರಗಿನ ಪಾಲಿಶ್. ಸೋವಿಯತ್ ಕಾಲದಲ್ಲಿ ರಿಪೇರಿ ಆದ ಮೊಸಿನ್-ನಗಾಂತ್ ರೈಫಲ್‌ಗಳ ಮೇಲೆ ಇರುವ ಕೆಂಪು ಹೊಳಪು ಇದೇ. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಎಣ್ಣೆ ಅಥವಾ ವಾರ್ನಿಷ್. ಮೂಲೆಯಲ್ಲಿ ಚಾಕುವಿನ ತುದಿಯಿಂದ ಸಣ್ಣಗೆ ಕೆರೆದು ನೋಡಿ. ಪೊರೆಯಾಗಿ ಎದ್ದರೆ ವಾರ್ನಿಷ್, ಪೊರೆ ಏಳದಿದ್ದರೆ ಎಣ್ಣೆ. ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್‌ಗಳಿಗೆ ಅಗಸೆ ಎಣ್ಣೆಯೇ ಇರುತ್ತಿತ್ತು. ಅದರ ಮೇಲೆ ಗಾಜಿನಂಥ ವಾರ್ನಿಷ್ ಕಂಡರೆ ಆಮೇಲೆ ಯಾರೋ ಬಳಿದಿದ್ದಾರೆ ಅಂತಲೇ ಅರ್ಥ. ಆ ವಾರ್ನಿಷ್ ಕೆಳಗೆ ಏನನ್ನು ಮುಚ್ಚಿದ್ದಾರೆ ಅಂತ ಆಗ ಇನ್ನೂ ಹುಷಾರಾಗಿ ನೋಡಬೇಕು.

ಬಿರುಕು: ಎಲ್ಲಿದೆ ಅನ್ನುವುದೇ ಅರ್ಧ ಉತ್ತರ

ಕೂದಲೆಳೆಯಷ್ಟು ಸಣ್ಣ ಬಿರುಕು ಬರಿಗಣ್ಣಿಗೆ ಕಾಣುವುದಿಲ್ಲ. ಮರದ ಎಳೆಯ ಗೆರೆ ಯಾವುದು, ಬಿರುಕು ಯಾವುದು ಅಂತ ಗೊಂದಲ ಆಗುತ್ತದೆ. ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಅನುಮಾನ ಇರುವ ಜಾಗಕ್ಕೆ ಟರ್ಪೆಂಟೈನ್ ಸವರಿ, ಒಣಬಟ್ಟೆಯಲ್ಲಿ ಒಮ್ಮೆ ಒರೆಸಿ, ಪಕ್ಕದಿಂದ ಬೆಳಕು ಬೀಳುವ ಹಾಗೆ ಹಿಡಿದು ಸುಮ್ನೆ ನೋಡುತ್ತಾ ಇರಿ. ಮೇಲ್ಮೈ ಒಣಗಿ ಮಂಕಾಗುತ್ತಾ ಬರುತ್ತದೆ. ಬಿರುಕು ಇದ್ದರೆ ಅದರೊಳಗೆ ಇಳಿದ ದ್ರವ ಇನ್ನೂ ಒಣಗಿರುವುದಿಲ್ಲ. ಒಂದು ಕಪ್ಪು ಒದ್ದೆ ಗೆರೆ ಹಾಗೇ ಉಳಿಯುತ್ತದೆ. ಅದರ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ. ಕಣ್ಣಿಗೆ ಮೊದಲು ಕಂಡದ್ದಕ್ಕಿಂತ ಬಿರುಕು ಉದ್ದ ಇರುವುದೇ ಹೆಚ್ಚು.

ಆಮೇಲೆ ಸ್ಟಾಕನ್ನು ಸಡಿಲವಾಗಿ ಹಿಡಿದು ಬೆರಳಿನ ಗಂಟಿನಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಮರ ಟಣ್ ಅನ್ನುತ್ತದೆ. ಬಿರುಕಿನ ಹತ್ತಿರ ಬಂದಾಗ ಸದ್ದು ಮಂಕಾಗುತ್ತದೆ, ಕೆಲವು ಸಲ ಝರ್ ಅನ್ನುವ ಕಂಪನ ಬರುತ್ತದೆ.

ಈಗ ಬಿರುಕು ಎಲ್ಲಿದೆ ನೋಡಿ.

ನಳಿಗೆಯ ಹಿಂದೆ ಬೋಲ್ಟ್ ಕೂರುವ ಕಬ್ಬಿಣದ ಭಾಗಕ್ಕೆ ಆಕ್ಷನ್ ಅನ್ನುತ್ತಾರೆ. ಅದರ ಹಿಂದೆ ಚಾಚಿಕೊಂಡಿರುವ ಕಬ್ಬಿಣದ ನಾಲಿಗೆ ಇದೆಯಲ್ಲ, ಟ್ಯಾಂಗ್, ಅದರ ಹಿಂಬದಿಯಿಂದ ಶುರುವಾಗಿ ಕೈ ಹಿಡಿಯುವ ಸಣ್ಣ ಭಾಗದ ಕಡೆ ಓಡುವ ಬಿರುಕು ಎಲ್ಲಕ್ಕಿಂತ ಸಾಮಾನ್ಯ. ಇದರ ಕಾರಣ ತಿಳಿಯದೆ ಅಂಟು ಹಾಕುವುದು ವ್ಯರ್ಥ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ಮರಕ್ಕೆ ದಾಟಿಸಬೇಕಾದ್ದು ಆಕ್ಷನ್ನಿನ ಕೆಳಗಿರುವ ಲಗ್ ಅನ್ನುವ ಉಕ್ಕಿನ ಗಟ್ಟಿ. ಅಗಲವಾದ ಆ ಮುಖ ಅಗಲವಾದ ಮರದ ಮೇಲೆ ಒರಗಿ ಕೂರಬೇಕು. ಜರ್ಮನ್ ರೈಫಲ್ ಮೌಸರ್ 98ರಲ್ಲಿ ಅದು ಆಕ್ಷನ್ನಿನ ಮುಂಭಾಗದ ಕೆಳಗಿದೆ. ಮೊಸಿನ್-ನಗಾಂತ್‌ನಲ್ಲಿ ಲಗ್ ಒರಗುವುದು ಸ್ಟಾಕಿಗೆ ಅಡ್ಡ ಹಾಯಿಸಿದ ಬೋಲ್ಟಿಗೆ. ವರ್ಷಗಳ ಒದೆತಕ್ಕೆ ಲಗ್ಗಿನ ಹಿಂದಿನ ಮರ ಅದುಮಿ ಹಿಂದೆ ಸರಿಯುತ್ತದೆ. ಆಗ ಇಡೀ ಆಕ್ಷನ್ ಕೂದಲೆಳೆಯಷ್ಟು ಹಿಂದೆ ಬರುತ್ತದೆ. ಟ್ಯಾಂಗಿನ ತುದಿ ಮರಕ್ಕೆ ಬಡಿಯಲು ಶುರು ಮಾಡುತ್ತದೆ. ಟ್ಯಾಂಗಿನ ತುದಿ ಸಣ್ಣದು, ಕೆಲವದರಲ್ಲಿ ಚೂಪೂ ಹೌದು. ಸೌದೆ ಸೀಳಲು ಇಡುವ ಬೆಣೆ ಮಾಡುವ ಕೆಲಸವನ್ನೇ ಅದು ಪ್ರತಿ ಗುಂಡಿಗೂ ಮಾಡುತ್ತದೆ.

ಪರೀಕ್ಷೆ ಹೀಗೆ. ಲಗ್ಗಿನ ಹಿಂಮುಖಕ್ಕೆ, ಟ್ಯಾಂಗಿನ ಹಿಂತುದಿಗೆ ಲಿಪ್‌ಸ್ಟಿಕ್ ತೆಳ್ಳಗೆ ಸವರಿ. ಎಣ್ಣೆದೀಪದ ಮಸಿಯೂ ಆಗುತ್ತದೆ. ಆಕ್ಷನ್ನನ್ನು ನೇರವಾಗಿ ಸ್ಟಾಕಿನೊಳಗೆ ಇಳಿಸಿ ಸ್ಕ್ರೂ ಬಿಗಿ ಮಾಡಿ, ಮತ್ತೆ ನೇರವಾಗಿ ಎತ್ತಿ. ಮರದ ಮೇಲೆ ಬಣ್ಣ ಎಲ್ಲಿ ಅಂಟಿದೆ? ಲಗ್ಗಿನ ಹಿಂದೆ ಅಗಲವಾಗಿ ಅಂಟಿದ್ದು ಟ್ಯಾಂಗಿನ ಹಿಂದೆ ಏನೂ ಇಲ್ಲದಿದ್ದರೆ ಕೂತಿರುವುದು ಸರಿ. ಟ್ಯಾಂಗಿನ ಹಿಂದೆ ಅಂಟಿದ್ದರೆ ಕಳ್ಳ ಸಿಕ್ಕ.

ಟ್ಯಾಂಗಿನ ಹಿಂದೆ ಸುಮಾರು ಅರ್ಧ ಮಿಲಿಮೀಟರ್ ಸಂದು ಇರಬೇಕು. ಗಟ್ಟಿ ಕಾರ್ಡಿನ ದಪ್ಪ ಅಂದುಕೊಳ್ಳಿ. ಅದಿಲ್ಲದಿದ್ದರೆ ಹರಿತವಾದ ಉಳಿಯಲ್ಲಿ ಎಳೆ ಎಳೆಯಾಗಿ ಕೆತ್ತಿ ಮಾಡಿಕೊಳ್ಳಿ. ಆದರೆ ಅಷ್ಟೇ ಮಾಡಿ ನಿಲ್ಲಿಸಿದರೆ ಒದೆತ ತಡೆಯುವವರೇ ಇರುವುದಿಲ್ಲ, ಆಕ್ಷನ್ ಇನ್ನೂ ಹಿಂದೆ ಬಂದು ಮತ್ತೆ ಬಡಿಯುತ್ತದೆ. ಲಗ್ಗಿನ ಹಿಂದಿನ ಸವೆದ ಜಾಗವನ್ನು ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಅಂಟು) ಇಂದಲೋ ಗಟ್ಟಿಮರದ ತುಂಡು ಕೂರಿಸಿಯೋ ತುಂಬಬೇಕು. ಎಪಾಕ್ಸಿ ಆದರೆ ಅಂಟು ಕಬ್ಬಿಣಕ್ಕೆ ಹಿಡಿಯದ ಹಾಗೆ ತಡೆಯುವ ಮೇಣವನ್ನು ಅದರ ಮೇಲೆ ಎರಡು ಸಲ ಹಚ್ಚಿ. ಸ್ಕ್ರೂ ತೂತು, ಸಂದುಗೊಂದುಗಳಿಗೆ ಆಟದ ಜೇಡಿಮಣ್ಣು ತುಂಬಿ. ಇದನ್ನು ಮರೆತರೆ ಆಕ್ಷನ್ ಮರದೊಳಗೆ ಶಾಶ್ವತವಾಗಿ ಕೂತುಬಿಡುತ್ತದೆ.

ಲೀ-ಎನ್‌ಫೀಲ್ಡ್‌ನಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಒದೆತ ತಡೆಯುವುದು ಫೋರ್‌ಎಂಡ್ ಹಿಂಭಾಗದ ಒಳಗೆ ಎಡಬಲಕ್ಕಿರುವ ಎರಡು ಸಣ್ಣ ಮರದ ಮುಖಗಳು. ಅವು ಸವೆದರೆ ಫೋರ್‌ಎಂಡ್‌ನ ಹಿಂತುದಿ ಬಟ್ ಕೂರುವ ಕಬ್ಬಿಣದ ಬಾಯಿಗೆ ಹೋಗಿ ಬಡಿದು ಸೀಳುತ್ತದೆ. ಫೋರ್‌ಎಂಡನ್ನು ಹಿಂದೆ ಮುಂದೆ ಅಲುಗಿಸಿ ನೋಡಿ. ಒಂಚೂರು ಆಡಿದರೂ ಆ ಎರಡು ಮುಖಗಳನ್ನು ನೋಡಲೇಬೇಕು. ಸವೆದ ಭಾಗ ಕೆತ್ತಿ ತೆಗೆದು, ಒತ್ತಡ ಎಳೆಯ ಕೊನೆಯ ಮೇಲೆ ಬೀಳುವ ಹಾಗೆ ಗಟ್ಟಿಮರದ ಹೊಸ ತುಂಡು ಅಂಟಿಸುತ್ತಾರೆ. ಎರಡೂ ಕಡೆ ಒಂದೇ ಸಮನಾಗಿ ಒರಗಬೇಕು. ಒಂದೇ ಕಡೆ ಒರಗಿದರೆ ಒದೆತವೆಲ್ಲ ಆ ಕಡೆಗೇ ಬೀಳುತ್ತದೆ.

ಕೈ ಹಿಡಿಯುವ ಭಾಗದಲ್ಲಿ ಓರೆಯಾಗಿ ಹೋದ ಬಿರುಕು ಇನ್ನೊಂದು ಜಾತಿ. ಟ್ಯಾಂಗಿಗೂ ಅದಕ್ಕೂ ಸಂಬಂಧ ಇಲ್ಲ. ಮರದ ಎಳೆ ಸ್ಟಾಕಿನ ಉದ್ದಕ್ಕೆ ಹೋಗದೆ ಆ ಜಾಗದಲ್ಲಿ ಓರೆಯಾಗಿ ಹೊರಗೆ ಬಂದಿದೆ, ರೈಫಲ್ ಯಾವತ್ತೋ ಬಿದ್ದಿದೆ, ಎಳೆಯ ದಾರಿಯಲ್ಲೇ ಸೀಳಿದೆ. ಇಲ್ಲಿ ಬರೀ ಅಂಟು ಸಾಲದು, ಒಳಗಿನಿಂದ ಪಿನ್ ಬೇಕು. ಬಿರುಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಪೂರ್ತಿ ದಾಟಿದ್ದರೆ ಅಂಥ ಸ್ಟಾಕನ್ನು ಗೋಡೆಗೆ ಇಡಲು ರಿಪೇರಿ ಮಾಡಿ, ಗುಂಡು ಹಾರಿಸಲು ಬೇಡ. ಕೆನ್ನೆಯ ಪಕ್ಕದಲ್ಲಿ ಮುರಿಯುವ ಜಾಗ ಅದು.

ಬಿರುಕಿಗೆ ಅಂಟು

ಎಣ್ಣೆ ಇರುವ ಮರಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ. ಬಿರುಕನ್ನು ನಿಧಾನಕ್ಕೆ ಬಾಗಿಸಿ ತುಸು ತೆರೆದು, ಸಣ್ಣ ಸಿರಿಂಜಿನಲ್ಲಿ ಅಸಿಟೋನ್ ಹರಿಸಿ ತೊಳೆಯಿರಿ. ಹೊರಗೆ ಬರುವ ದ್ರವ ಕಂದು ಬಣ್ಣ ಬಿಟ್ಟು ತಿಳಿಯಾಗುವ ತನಕ ಮಾಡಿ. ಅಸಿಟೋನ್ ಹಳೇ ಪಾಲಿಶನ್ನೂ ಕರಗಿಸುತ್ತದೆ, ಹಾಗಾಗಿ ಹೊರಗೆ ಹರಿಯದ ಹಾಗೆ ಒಳಗಿನಿಂದ ಹಾಕುವುದು ಒಳ್ಳೆಯದು. ಪೂರ್ತಿ ಒಣಗಲು ಒಂದು ದಿನ ಬಿಡಿ.

ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯೇ ಬೇಕು. ಐದು ನಿಮಿಷದ್ದು ಒಳಗೆ ಇಳಿಯುವಷ್ಟರಲ್ಲಿ ಹೆಪ್ಪಾಗುತ್ತದೆ. ಎಪಾಕ್ಸಿಯನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ನೀರಾಗುತ್ತದೆ, ಸಂದಿಗೆ ಚೆನ್ನಾಗಿ ಇಳಿಯುತ್ತದೆ. ಬಿರುಕು ಆಚೆ ಬದಿಗೂ ತೆರೆದಿದ್ದರೆ ಅಲ್ಲಿ ವ್ಯಾಕ್ಯೂಮ್ ಕ್ಲೀನರಿನ ಬಾಯಿ ಹಿಡಿಯಿರಿ. ನಡುವೆ ತೆಳು ಬಟ್ಟೆ ಇರಲಿ. ಈ ಕಡೆ ಸುರಿದ ಅಂಟು ಕಣ್ಣೆದುರೇ ಒಳಗೆ ಎಳೆದುಕೊಂಡು ಹೋಗುತ್ತದೆ. ಅಸಿಟೋನ್ ಪೂರ್ತಿ ಆರಿದ ಮೇಲೆ ಮಾತ್ರ ಇದನ್ನು ಮಾಡಿ. ಅದರ ಆವಿ ಮೋಟಾರಿನ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಆಮೇಲೆ ಹಳೇ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತಿ. ಸ್ಟಾಕಿನ ಉಬ್ಬುತಗ್ಗಿಗೆ ಕಬ್ಬಿಣದ ಕ್ಲಾಂಪಿಗಿಂತ ಇದು ಎಷ್ಟೋ ಪಾಲು ಒಳ್ಳೆಯದು. ಹೊರಗೆ ಉಕ್ಕಿದ ಅಂಟನ್ನು ಆಗಲೇ ಒರೆಸಿ. 24 ಗಂಟೆ ಮುಟ್ಟಬೇಡಿ. ಅಡ್ಡ ಪಿನ್ ಬೇಕಾದರೆ 3 ಮಿಲಿಮೀಟರ್ ದಪ್ಪದ, ಸ್ಕ್ರೂವಿನ ಹಾಗೆ ಸುರುಳಿ ಗೀರಿರುವ ಹಿತ್ತಾಳೆ ಸರಳು ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಒಳಗಿನಿಂದ ಬಿರುಕಿಗೆ ಅಡ್ಡವಾಗಿ ಕೂರಿಸಿ, ಹೊರಗೆ ತೂತು ಕಾಣದ ಹಾಗೆ. ಸೂಪರ್‌ಗ್ಲೂ ಬಗ್ಗೆ ಕೇಳುವವರು ಬಹಳ. ಅದು ಗಾಜಿನ ಹಾಗೆ ಪೆಡಸು. ಮೇಲಿನ ಒಂದು ಸಿಬಿರು ಎದ್ದಿದ್ದರೆ ಕೂರಿಸಲು ಸರಿ, ಒದೆತ ತಿನ್ನುವ ಜಾಗಕ್ಕೆ ಬೇಡ.

ಕಪ್ಪಾದ ಮರ

ಕಪ್ಪು ಅಂದರೆ ಒಂದೇ ಕಾಯಿಲೆ ಅಲ್ಲ. ಇಲ್ಲಿ ಔಷಧಿ ತಪ್ಪಿದರೆ ಕೆಲಸ ಇಮ್ಮಡಿ ಆಗುತ್ತದೆ.

ಕೈ ಹಿಡಿಯುವ ಜಾಗದಲ್ಲಿ, ಕೆನ್ನೆ ತಾಗುವ ಜಾಗದಲ್ಲಿ ಮೇಲಷ್ಟೇ ಕಪ್ಪಾಗಿದ್ದು ಟರ್ಪೆಂಟೈನ್ ಬಟ್ಟೆಗೆ ಕಂದು ಬಂದರೆ ಅದು ಬೆವರು, ಕೊಳೆ, ಹಳೇ ಎಣ್ಣೆ. 0000 ನಂಬರಿನ ಸ್ಟೀಲ್ ವುಲ್‌ಗೆ ಟರ್ಪೆಂಟೈನ್ ಹಾಕಿ ಎಳೆಯ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿದರೆ ಹೋಗುತ್ತದೆ. ಮರದ ಬಣ್ಣ ಕಂಡ ಕೂಡಲೇ ನಿಲ್ಲಿಸಿ.

ಸ್ಕ್ರೂ, ಬಟ್‌ಪ್ಲೇಟ್, ಬೆಲ್ಟ್ ಕೊಕ್ಕೆಗಳ ಸುತ್ತ ನೀಲಿಗಪ್ಪು ಕಲೆ ಇದ್ದರೆ ಅದು ಕಬ್ಬಿಣದ ಕಲೆ. ಸ್ಟಾಕಿಗೆ ಸಾಮಾನ್ಯವಾಗಿ ಬಳಸುವ ಅಕ್ರೋಟದ ಮರದಲ್ಲಿ ಟ್ಯಾನಿನ್ ಅನ್ನುವ ಒಗರು ವಸ್ತು ಇರುತ್ತದೆ. ನೀರು ಸೇರಿದಾಗ ಕಬ್ಬಿಣದ ಜೊತೆ ಕೂಡಿ ಶಾಯಿಯಂಥ ಬಣ್ಣ ಕೊಡುತ್ತದೆ. ಇದಕ್ಕೆ ಟರ್ಪೆಂಟೈನ್, ಅಸಿಟೋನ್ ಏನೂ ಮಾಡುವುದಿಲ್ಲ. ಆಕ್ಸಾಲಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ ಬ್ರಷ್ಷಿನಲ್ಲಿ ಹಚ್ಚಿದರೆ ಕಲೆ ತಿಳಿಯಾಗುತ್ತದೆ. ಇದು ವಿಷ. ಕೈಗವಸು, ಕನ್ನಡಕ ಬೇಕು, ಪುಡಿ ಮೂಗಿಗೆ ಹೋಗಬಾರದು. ಆಮೇಲೆ ಒದ್ದೆಬಟ್ಟೆಯಲ್ಲಿ ಮೂರ್ನಾಲ್ಕು ಸಲ ಒರೆಸಿ ತೆಗೆಯಿರಿ. ಇದು ನೀರಿನಲ್ಲಿ ಕರಗಿದ ಔಷಧಿಯಾದ್ದರಿಂದ ಎಣ್ಣೆ ಕುಡಿದ ಮರದೊಳಗೆ ಇಳಿಯುವುದಿಲ್ಲ. ಎಣ್ಣೆ ತೆಗೆದ ಮೇಲೆ ಇದರ ಸರದಿ. ಅಂದ ಹಾಗೆ, ಸ್ಟೀಲ್ ವುಲ್ ಉಜ್ಜಿದ ಮೇಲೆ ಅದರ ಪುಡಿ ಎಳೆಯ ನಡುವೆ ಉಳಿದು ನೀರು ತಾಗಿದರೆ ಹೊಸದಾಗಿ ಇದೇ ಕಪ್ಪು ಚುಕ್ಕಿಗಳು ಹುಟ್ಟುತ್ತವೆ. ಒಂದು ಆಯಸ್ಕಾಂತ ಆಡಿಸಿ ಪುಡಿ ತೆಗೆದುಬಿಡಿ.

ಮೂರನೆಯದು ನಿಜವಾದ ತಲೆನೋವು: ಟ್ಯಾಂಗಿನ ಸುತ್ತ, ಆಕ್ಷನ್ ಕೂರುವ ಗುಳಿಯೊಳಗೆ, ಕೈ ಹಿಡಿಯುವ ಭಾಗದ ತನಕ ಆಳವಾಗಿ ಇಳಿದ ಕಪ್ಪು. ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತದೆ. ಒಂದು ಬಿಳಿ ಟಿಶ್ಯೂ ಇಟ್ಟು ಮೇಲಿಂದ ಹೇರ್ ಡ್ರೈಯರ್ ಗಾಳಿ ಬಿಟ್ಟರೆ ಟಿಶ್ಯೂ ಮೇಲೆ ಎಣ್ಣೆಯ ಮಚ್ಚೆ ಮೂಡುತ್ತದೆ. ಇದು ಬಂದೂಕಿನ ಎಣ್ಣೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಖನಿಜ ಎಣ್ಣೆ ಯಾವತ್ತೂ ಗಟ್ಟಿಯಾಗುವುದಿಲ್ಲ, ಮರದ ನಾರಿನೊಳಗೆ ಇಳಿಯುತ್ತಲೇ ಹೋಗುತ್ತದೆ. ವರ್ಷಗಟ್ಟಲೆ ಯಾರೋ ಆಕ್ಷನ್ನಿಗೆ ಧಾರಾಳ ಎಣ್ಣೆ ಹಾಕಿ, ರೈಫಲನ್ನು ಮೂತಿ ಮೇಲೆ ಮಾಡಿ ನಿಲ್ಲಿಸಿದ್ದಾರೆ. ಎಣ್ಣೆಯೆಲ್ಲ ಇಳಿದು ಟ್ಯಾಂಗಿನ ಹಿಂದಿನ ಎಳೆಗಳ ಕೊನೆಗೆ ಬಂದು ಸೇರಿದೆ. ಲಗ್ಗಿನ ಹಿಂದಿನ ಮರ ಅದುಮಿಹೋಗಲು, ಟ್ಯಾಂಗ್ ಬಡಿಯಲು, ಬಿರುಕು ಬಿಡಲು ಮೂಲ ಕಾರಣ ಬಹಳ ಸಲ ಈ ಎಣ್ಣೆಯೇ.

ತೆಗೆಯುವುದಕ್ಕೆ ಸೀಮೆಸುಣ್ಣದ ನಯವಾದ ಪುಡಿಯನ್ನು ಅಸಿಟೋನ್‌ನಲ್ಲಿ ದೋಸೆಹಿಟ್ಟಿನ ಹದಕ್ಕೆ ಕಲೆಸಿ, ಗುಳಿಯೊಳಗೆ ಅರ್ಧ ಸೆಂಟಿಮೀಟರ್ ದಪ್ಪ ಮೆತ್ತಿ. ಅಸಿಟೋನ್ ಎಣ್ಣೆಯನ್ನು ಸಡಿಲ ಮಾಡುತ್ತದೆ. ಅದು ಆರುವಾಗ ಎಣ್ಣೆ ಪುಡಿಗೆ ಬರುತ್ತದೆ. ಒಣಗಿದ ಮೇಲೆ ಬಿಳಿ ಪುಡಿ ಹಳದಿಯೋ ಕಂದೋ ಆಗಿರುತ್ತದೆ. ಬ್ರಷ್ಷಿನಲ್ಲಿ ಕೆರೆದು ಹಾಕಿ, ಮತ್ತೆ ಹೊಸದು ಮೆತ್ತಿ. ಪುಡಿ ಬೆಳ್ಳಗೇ ಉಳಿಯುವ ತನಕ ಬಿಡಬೇಡಿ. ಒಂದೇ ಸಲಕ್ಕೆ ಮುಗಿಯುವ ಕೆಲಸ ಅಲ್ಲ ಇದು. ಬೆಂಕಿ, ಕಿಡಿ, ಹೀಟರ್ ಯಾವುದೂ ಆ ಕೋಣೆಯಲ್ಲಿ ಇರಬಾರದು. ಹೇರ್ ಡ್ರೈಯರ್ ಪರೀಕ್ಷೆ ಮಾಡುವುದಿದ್ದರೆ ಅಸಿಟೋನ್ ಡಬ್ಬಿ ತೆರೆಯುವ ಮೊದಲೇ ಮುಗಿಸಿ.

ಓವನ್ ಕ್ಲೀನರ್ ಹಾಕುವುದು, ಪಾತ್ರೆ ತೊಳೆಯುವ ಮೆಷಿನ್ನಿನಲ್ಲಿ ಇಡುವುದು ಇವೆಲ್ಲ ಚಾಲ್ತಿಯಲ್ಲಿರುವ ಸಲಹೆಗಳು. ದಯವಿಟ್ಟು ಮಾಡಬೇಡಿ. ಕ್ಷಾರ ಮರದ ನಾರನ್ನೇ ತಿನ್ನುತ್ತದೆ, ಬಣ್ಣ ಕೆಡಿಸುತ್ತದೆ. ಬಿಸಿನೀರು ಒಳಗೆ ಹೊಕ್ಕು ಒಣಗುವಾಗ ಸ್ಟಾಕ್ ತಿರುಚುತ್ತದೆ, ಹಳೇ ಅಂಟುಗಳು ಬಿಡುತ್ತವೆ.

ಎಣ್ಣೆ ತೆಗೆದ ಮೇಲೂ ಮರ ಪುಸುಪುಸು ಅನ್ನುತ್ತಿದ್ದರೆ ಆ ಭಾಗ ಸತ್ತಿದೆ. ಗಟ್ಟಿ ಮರ ಸಿಗುವ ತನಕ ಕೆತ್ತಿ ಹೊಸ ತುಂಡು ಕೂರಿಸುವುದೊಂದೇ ದಾರಿ.

ನೆಗ್ಗು ಮತ್ತು ಕಿತ್ತುಹೋದ ಗಾಯ

ನೆಗ್ಗಿನಲ್ಲಿ ಮರದ ನಾರು ಒಳಗೇ ಇದೆ, ಅದುಮಿಕೊಂಡಿದೆ. ಗಾಯದಲ್ಲಿ ನಾರು ಕಿತ್ತುಹೋಗಿದೆ. ಬೆರಳಾಡಿಸಿದರೆ ಗೊತ್ತಾಗುತ್ತದೆ: ನೆಗ್ಗಿನ ಅಂಚು ನಯ, ಗಾಯದ ಅಂಚು ಹರಿತ. ನೆಗ್ಗು ಹಬೆಗೆ ಏಳುತ್ತದೆ. ಗಾಯ ಏಳುವುದಿಲ್ಲ.

ಒದ್ದೆ ಹತ್ತಿಬಟ್ಟೆಯನ್ನು ಎರಡು ಮಡಿಕೆ ಮಾಡಿ ನೆಗ್ಗಿನ ಮೇಲಿಟ್ಟು ಇಸ್ತ್ರಿಪೆಟ್ಟಿಗೆಯ ತುದಿಯಿಂದ ಕೆಲವು ಸೆಕೆಂಡು ಒತ್ತಿ. ಚುಸ್ ಅಂತ ಹಬೆ ಏಳುತ್ತದೆ. ಬಟ್ಟೆ ಒಣಗುವ ಮೊದಲೇ ಎತ್ತಿ, ಇಲ್ಲದಿದ್ದರೆ ಮರ ಸುಡುತ್ತದೆ. ಮತ್ತೆ ಒದ್ದೆ ಮಾಡಿ, ಮತ್ತೆ ಒತ್ತಿ. ಪ್ರತಿ ಸಲ ಸ್ವಲ್ಪ ಸ್ವಲ್ಪ ಮೇಲೆ ಬರುತ್ತದೆ. ಬರದಿದ್ದರೆ ಮೇಲಿನ ಪಾಲಿಶ್ ಹಬೆಯನ್ನು ತಡೆಯುತ್ತಿದೆ ಅಂತ ಅರ್ಥ. ಆ ಜಾಗದ್ದಷ್ಟೇ ತೆಗೆದು ಮತ್ತೆ ಮಾಡಿ. ಮರದ ಮೇಲೆ ಒತ್ತಿದ ಸೇನೆಯ ಮುದ್ರೆ ಇದ್ದರೆ ಅದರ ಹತ್ತಿರ ಹಬೆ ಬೇಡ. ಮುದ್ರೆಯೂ ಒಂದು ನೆಗ್ಗೇ ಅಲ್ವಾ, ಅದೂ ಎದ್ದು ಅಳಿಸಿಹೋಗುತ್ತದೆ.

ಒಂದು ಕ್ರಮ ನೆನಪಿಡಿ: ಹಬೆ ಮೊದಲು, ಎಪಾಕ್ಸಿ ಆಮೇಲೆ. ಸಾಮಾನ್ಯ ಎಪಾಕ್ಸಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಅಂಟಿಸಿದ ಬಿರುಕಿನ ಪಕ್ಕ ಇಸ್ತ್ರಿ ಹಿಡಿದರೆ ಮಾಡಿದ ಕೆಲಸವೆಲ್ಲ ಬಿಟ್ಟುಕೊಳ್ಳುತ್ತದೆ.

ಸ್ಯಾಂಡ್‌ಪೇಪರ್ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಸೇನಾ ರೈಫಲ್‌ಗಳಲ್ಲಿ ಮರ ಲೋಹಕ್ಕಿಂತ ಕೂದಲೆಳೆಯಷ್ಟು ಎತ್ತರ ಇರುವ ಹಾಗೆ ಮಾಡಿರುತ್ತಾರೆ. ಉಜ್ಜಿದರೆ ಮರ ತಗ್ಗುತ್ತದೆ, ಬಟ್‌ಪ್ಲೇಟ್ ಅಂಚು ಹೊರಗೆ ಚಾಚುತ್ತದೆ, ಚೂಪಾದ ಅಂಚುಗಳು ಸವೆದು ಗುಂಡಗಾಗುತ್ತವೆ, ಮುದ್ರೆಗಳು ಮಾಯ. ಒಮ್ಮೆ ಹೋದ ಮರ ಮತ್ತೆ ಬರುವುದಿಲ್ಲ. ಯಾರದೋ ಕೈಯಲ್ಲಿ ವರ್ಷಗಟ್ಟಲೆ ಸವೆದ ಗುರುತು ದೋಷ ಅಲ್ಲ, ಅದನ್ನು ಉಳಿಸಿ. ಹಬೆಗೆ ಎದ್ದ ನಾರನ್ನು ತಗ್ಗಿಸಲು 320 ನಂಬರಿನ ಕಾಗದ ಎರಡು ಸಲ ಆಡಿಸಿದರೆ ಸಾಕು.

ನಳಿಗೆಗೆ ತಾಗುವ ಮರ

ಗುರಿ ಒಂದು ಸಲ ಒಂದು ಕಡೆ, ಮಳೆಗಾಲ ಬಂದರೆ ಇನ್ನೊಂದು ಕಡೆ ಹೋಗುತ್ತಿದೆಯಾ? ಮರದ ಮೇಲೆ ಅನುಮಾನ ಪಡಿ. ಅಕ್ರೋಟದ ಮರ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಅಡ್ಡಕ್ಕೆ ಸುಮಾರು ಶೇ. 5ರಿಂದ 8ರಷ್ಟು ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ತೇವ ಏರಿಳಿದಾಗಲೂ ಇದೇ ಆಟ ಸಣ್ಣದಾಗಿ ನಡೆಯುತ್ತಿರುತ್ತದೆ. ಎರಡು ಬದಿ ಬೇರೆ ಬೇರೆ ಹಿಗ್ಗಿದರೆ ಫೋರ್‌ಎಂಡ್ ಬಾಗಿ ನಳಿಗೆಯನ್ನು ಒತ್ತುತ್ತದೆ.

ಒಂದು ಕಾಗದದ ಪಟ್ಟಿಯನ್ನು ನಳಿಗೆಗೂ ಮರಕ್ಕೂ ನಡುವೆ ಹಾಕಿ ಹಿಂದಕ್ಕೆ ಎಳೆಯುತ್ತಾ ಬನ್ನಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಗುರುತು ಹಾಕಿ. ಒಂದೇ ಬದಿಗೆ ತಾಗುತ್ತಿದ್ದರೆ ಮರ ತಿರುಚಿದೆ. ಆದರೆ ತಾಗಿದ ಕೂಡಲೇ ಕೆತ್ತಲು ಹೋಗಬೇಡಿ. ಕೆಲವು ಸೇನಾ ರೈಫಲ್‌ಗಳಲ್ಲಿ ಮರ ತಾಗಬೇಕು ಅಂತಲೇ ಮಾಡಿರುತ್ತಾರೆ. ಲೀ-ಎನ್‌ಫೀಲ್ಡ್ ನಂ. 4ರಲ್ಲಿ ಫೋರ್‌ಎಂಡ್‌ನ ಮುಂದಿನ ತುದಿ ನಳಿಗೆಯನ್ನು ಮೇಲಕ್ಕೆ ಒತ್ತಿ ಹಿಡಿಯಬೇಕು. ಆ ಉಬ್ಬನ್ನು ಕೆತ್ತಿ ತೆಗೆದರೆ ಚೆನ್ನಾಗಿದ್ದ ಗುರಿ ಹಾಳಾಗುತ್ತದೆ. ನಿಮ್ಮ ರೈಫಲ್ ಯಾವ ಜಾತಿಯದು ಅಂತ ತಿಳಿದ ಮೇಲೆ ಮಾತ್ರ ಉಳಿ ಹಿಡಿಯಿರಿ.

ಇನ್ನೊಂದು ಪರೀಕ್ಷೆ ಒಂದೇ ತುಂಡಿನ ಸ್ಟಾಕಿಗೆ. ಆಕ್ಷನ್ನನ್ನು ಹಿಡಿದಿರುವ ಎರಡೂ ಸ್ಕ್ರೂ ಬಿಗಿ ಇರಲಿ. ಫೋರ್‌ಎಂಡ್ ತುದಿಯಲ್ಲಿ ಒಂದು ಬೆರಳು ನಳಿಗೆಗೂ ಮರಕ್ಕೂ ಒಟ್ಟಿಗೇ ತಾಗುವ ಹಾಗೆ ಇಟ್ಟು, ಮುಂದಿನ ಸ್ಕ್ರೂ ನಿಧಾನವಾಗಿ ಸಡಿಲ ಮಾಡಿ. ಬೆರಳಿಗೆ ಚಲನೆ ಗೊತ್ತಾದರೆ ಆಕ್ಷನ್ ಬಾಗಿ ಕೂತಿದೆ, ಸ್ಕ್ರೂ ಅದನ್ನು ಬಲವಂತವಾಗಿ ಎಳೆದಿಟ್ಟಿತ್ತು. ಏನೂ ಚಲಿಸದಿದ್ದರೆ ಕೂತಿರುವುದು ಸರಿ. ಲೋಹವನ್ನು ಉಜ್ಜಿ ಇದನ್ನು ಸರಿ ಮಾಡಬಾರದು, ಮರದ ಕಡೆಯಿಂದಲೇ ಮಾಡಬೇಕು.

ಅಂಟಂಟು ಪಾಲಿಶ್, ಬಿಳಿ ಮಂಜು, ಹುಳ

ಎಣ್ಣೆ ಹಚ್ಚಿ ವಾರವಾದರೂ ಕೈಗೆ ಅಂಟುತ್ತಿದ್ದರೆ ಕಾರಣ ಎರಡೇ. ದಪ್ಪ ಹಚ್ಚಿದ್ದೀರಿ, ಇಲ್ಲವೇ ಹಸಿ ಅಗಸೆ ಎಣ್ಣೆ ಹಚ್ಚಿದ್ದೀರಿ. ಹಸಿ ಎಣ್ಣೆ ಒಣಗಲು ದಿನಗಳಲ್ಲ, ವಾರಗಳೇ ಬೇಕಾಗಬಹುದು. ಬಾಯಿಲ್ಡ್ ಅಂತ ಮಾರುವ ಎಣ್ಣೆಗೆ ಬೇಗ ಒಣಗಿಸುವ ಲೋಹದ ಲವಣ ಬೆರೆಸಿರುತ್ತಾರೆ, ಅದು ಸುಮಾರು ಒಂದು ದಿನದಲ್ಲಿ ಒಣಗುತ್ತದೆ. ಅಂಟನ್ನು ಟರ್ಪೆಂಟೈನ್ ಮತ್ತು ಸ್ಟೀಲ್ ವುಲ್‌ನಲ್ಲಿ ತೆಗೆದು ಹೊಸದಾಗಿ ಶುರು ಮಾಡಿ. ಅದರ ಮೇಲೇ ಇನ್ನೊಂದು ಕೈ ಹಚ್ಚಿದರೆ ಕೆಳಗಿನದು ಯಾವತ್ತೂ ಒಣಗುವುದಿಲ್ಲ.

ಅರಗಿನ ಪಾಲಿಶ್ ಮೇಲೆ ಬಿಳಿ ಮಂಜು ಕವಿದಿದ್ದರೆ ತೇವ ಸೇರಿದೆ. ಸ್ಪಿರಿಟ್ಟಿನಲ್ಲಿ ಬರೀ ತೇವ ಮಾಡಿದ ಬಟ್ಟೆಯನ್ನು ಮೇಲೆ ಹಾಯಿಸಿದರೆ ಪೊರೆ ಕರಗಿ ಮತ್ತೆ ಕೂರುತ್ತದೆ. ಕೆರೆಯುವ ಅಗತ್ಯವೇ ಇಲ್ಲ.

ಸಣ್ಣ ತೂತುಗಳು ಕಂಡರೆ ಕುಟ್ಟೆ ಹುಳ. ಸ್ಟಾಕನ್ನು ಕಪ್ಪು ಕಾಗದದ ಮೇಲೆ ಕೆಲವು ವಾರ ಇಡಿ. ಹೊಸ ತಿಳಿಬಣ್ಣದ ಪುಡಿ ಬಿದ್ದರೆ ಹುಳ ಒಳಗೇ ಇದೆ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದ ಹಾಗೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಪೂರ್ತಿ ಬೆಚ್ಚಗಾಗುವ ತನಕ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಮರದ ಮೇಲೆ ನೀರು ಕೂರುತ್ತದೆ. ಪುಡಿ ಬೀಳದಿದ್ದರೆ ಹುಳ ಯಾವತ್ತೋ ಹೋಗಿದೆ, ತೂತುಗಳನ್ನು ಹಾಗೇ ಬಿಡಬಹುದು.

ಈಗ ಎಣ್ಣೆ

ಇಷ್ಟೆಲ್ಲ ಮುಗಿದ ಮೇಲೆ ಹೊಸ ಪಾಲಿಶ್. ಮೊದಲು ಏನಿತ್ತೋ ಅದನ್ನೇ ಮತ್ತೆ ಹಾಕಿ ಅನ್ನುವುದು ನನ್ನ ಸಲಹೆ. ಎಣ್ಣೆಯಾದರೆ ಕೆಲವು ಹನಿ ಬಟ್ಟೆಗೆ ಹಾಕಿ ತೆಳ್ಳಗೆ ಉಜ್ಜಿ, 15-20 ನಿಮಿಷ ಬಿಟ್ಟು, ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿ. ಒಂದು ದಿನ ಬಿಟ್ಟು ಮತ್ತೆ. ಬಟ್‌ಪ್ಲೇಟ್ ಕೆಳಗೆ ಎಳೆಯ ಕೊನೆಗಳು ತೆರೆದಿರುತ್ತವೆ, ನಳಿಗೆ ಕೂರುವ ತೋಡೂ ಬರಿ ಮರ. ತೇವ ಒಳಗೆ ಹೋಗುವುದೇ ಇಲ್ಲಿಂದ. ಕಣ್ಣಿಗೆ ಕಾಣದ ಈ ಜಾಗಗಳಿಗೂ ಎಣ್ಣೆ ಬೇಕು. ಹೊರಗೆ ಮಾತ್ರ ಹಚ್ಚಿದ ಸ್ಟಾಕ್ ಮುಂದಿನ ಮಳೆಗೆ ಮತ್ತೆ ತಿರುಚುತ್ತದೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗಲಾರದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಇದು ಹೆದರಿಸುವ ಮಾತಲ್ಲ, ಮರಗೆಲಸದ ಶೆಡ್‌ಗಳು ಹೀಗೆ ಸುಟ್ಟುಹೋಗಿವೆ. ಬಿಡಿಸಿ ಹೊರಗೆ ಹರಡಿ ಒಣಗಿಸಿ, ಇಲ್ಲವೇ ಮುಚ್ಚಳ ಇರುವ ಲೋಹದ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡಿ.

ಎಲ್ಲ ಜೋಡಿಸಿದ ಮೇಲೆ, ಗುಂಡು ಹಾರಿಸುವ ಉದ್ದೇಶ ಇದ್ದರೆ ಮೊದಲು ಗನ್‌ಸ್ಮಿತ್ ಒಮ್ಮೆ ನೋಡಲಿ. ಮೊದಲ ಕೆಲವು ಗುಂಡುಗಳ ನಂತರ ಸ್ಕ್ರೂ ಮತ್ತೆ ಬಿಗಿ ಮಾಡಿ, ಹೊಸ ತುಂಡು, ಹೊಸ ಅಂಟು ಒತ್ತಡಕ್ಕೆ ಸ್ವಲ್ಪ ಕೂರುತ್ತವೆ. ಆಮೇಲೆ ಆಕ್ಷನ್ ಎತ್ತಿ ಟ್ಯಾಂಗಿನ ಹಿಂದೆ ನೋಡಿ. ಅಲ್ಲಿನ ಸಂದು ಮೊದಲಿದ್ದಷ್ಟೇ ಇದ್ದರೆ ರಿಪೇರಿ ನಿಂತಿದೆ. ಕಿರಿದಾಗಿದ್ದರೆ ಲಗ್ಗಿನ ಹಿಂದಿನ ಮರ ಇನ್ನೂ ಸೋಲುತ್ತಿದೆ, ಟರ್ಪೆಂಟೈನ್ ಪರೀಕ್ಷೆಗೆ ಮತ್ತೆ ಗೆರೆ ಕಾಣುವ ಮೊದಲೇ ಅದನ್ನು ಇನ್ನೊಮ್ಮೆ ತುಂಬಿಸಿ.